ಕೇಳಿಕೊಳ್ಳುವುದೇನೆಂದರೆ

ಶಿವಮೊಗ್ಗ ಕೋರ್ಟಿನ ಎದುರು
ಟೈಪ್‌ರೈಟರ್ ರಿಪೇರಿ ಅಂಗಡಿ ಮುಚ್ಚಿದ ದಿನ
ಬುಡೇನ್ ಮಾಮು ಸತ್ತ ಯಂತ್ರದ ಗುಂಡಿಗಳನ್ನು ಕಿತ್ತು
ತನ್ನ ಹಲ್ಲುದುರಿದ ಬ್ಯಾಂಜೋಗೆ ಕಟ್ಟಿದ.

ಅಂದಿನಿಂದ ಅವನ ಷಡ್ಜ 'ಕ', ಪಂಚಮ 'ದ'.
ಕಲಿಸು ಅಂದರೆ
"ಕ ಒತ್ತು, ರ ಒತ್ತು, ಮ ಮೇಲೆ ಚೂರು ನಿಲ್ಲು,
ಚಹಾ ಆರಿಸಿದ ಹಾಗೆ."
ನನ್ನ ನೋಟುಬುಕ್ಕಿನ ತುಂಬ
ಅರ್ಥವಿಲ್ಲದ ಮಾತು.

ಆಯನೂರು, ರಿಪ್ಪನ್‌ಪೇಟೆ, ಒಮ್ಮೆ ಆಗುಂಬೆವರೆಗೂ
ಮದುಮಗನ ಜೀಪಿನ ಮುಂದೆ
ಅವನ ಕೊರಳಲ್ಲಿ ಬ್ಯಾಂಜೋ, ನನ್ನ ತಲೆ ಮೇಲೆ ಬ್ಯಾಟರಿ.
ಕುಡಿದವರು ಕೇಳಿದ್ದೇ ಹಾಡು.
ಬೆಳಗಿನ ಜಾವ ತುಂಗೆಯ ಸೇತುವೆಗೆ ಒರಗಿ
ಆಂಪ್ಲಿಫೈಯರ್ ಆರಿಸಿ
ಬಾಚಣಿಗೆ ಚೂರಿನಿಂದ ಮೀಟುತ್ತಿದ್ದ
ಯಾರೂ ಕೇಳದ ಒಂದನ್ನು.
ನಾನು ಅರ್ಧ ನಿದ್ದೆಯಲ್ಲಿ ದುಡ್ಡು ಎಣಿಸುತ್ತಿದ್ದೆ.

ಈಗ ಪೆಟ್ಟಿಗೆ ನನ್ನ ಹತ್ತಿರ.
ಎಲ್ಲ ಗುಂಡಿಯನ್ನೂ ಓದಬಹುದು, ಒಂದು ಬಿಟ್ಟು.
ಎಷ್ಟು ವರ್ಷದ ಅರ್ಜಿಗಳೋ,
"ತಮ್ಮಲ್ಲಿ ಕೇಳಿಕೊಳ್ಳುವುದೇನೆಂದರೆ" ಎಂದು
ಬಡಿದೂ ಬಡಿದೂ
'ಳ' ಅಳಿಸಿಹೋಗಿದೆ.

ಒತ್ತಿದರೆ ನಿಷಾದ.
ಷಡ್ಜದ ಹೊಸ್ತಿಲು ದಾಟದೆ ಅಲ್ಲೇ ನಿಂತು
ಇನ್ನೂ ಏನೋ ಕೇಳುತ್ತದೆ.