ಏಳರ ಜಾಗದಲ್ಲಿ ಎಂಟು

ಸಫೋಕಿನ ಜೇಡಿಮಣ್ಣಿನ ಮೇಲೆ
ಐನೂರು ಚಿಲ್ಲರೆ ಚಳಿಗಾಲ ಕೂತ ಮನೆ.
ಪಡುವಣ ಮೂಲೆ ಒಂದು ಗೇಣು ಇಳಿದಿದೆ.
ಗೋಲಿ ಬಿಟ್ಟರೆ ಅಡುಗೆಮನೆಯಿಂದ ಹೊರಟು
ಯಾರನ್ನೂ ಕೇಳದೆ ಹಾಲಿನ ಕೋಣೆ ಸೇರುತ್ತದೆ.

‘ನೆಟ್ಟಗೆ ಮಾತ್ರ ಮಾಡಬೇಡ’ ಅಂದಳು ಏವಿಸ್ ಥರ್ಕೆಟಲ್,
ಏಪ್ರನ್ನಿನ ಮಡಿಲಲ್ಲಿ ಬಾತುಮೊಟ್ಟೆ ಹಿಡಿದು.
‘ಬಾಗಿಲೆಲ್ಲ ಈ ಓರೆಗೆ ತಕ್ಕ ಹಾಗೆ ಕೊಯ್ದವು.
ಮನೆ ನೆಟ್ಟಗಾದರೆ ಅವೆಲ್ಲ ಸೊಟ್ಟ.’

ನಾನು ಬಡಗಿ. ಬಂದದ್ದು
ಕೊಳೆತ ಒಂದೇ ಒಂದು ಓರೆಗಂಬಕ್ಕೆ.

ಮೊದಲು ಅಟ್ಟ ಹತ್ತಿದೆ.
ಮೇಲಿನ ಜಂತೆಗಳು ಕಪ್ಪು, ಕೆಳಗಿನವು ಅಲ್ಲ.
ಚಿಮಣಿ ಆಮೇಲೆ ಬಂದ ಸೊಸೆ;
ಅದಕ್ಕೆ ಮುಂಚೆ ನಡುಮನೆಯ ನೆಲದಲ್ಲೇ ಬೆಂಕಿ,
ಹೊಗೆ ಹುಲ್ಲುಮಾಡಿನ ಸಂದಿಯಲ್ಲಿ
ತನ್ನ ದಾರಿ ತಾನೇ ನೋಡಿಕೊಳ್ಳುತ್ತಿತ್ತು.
ಬೆರಳಲ್ಲಿ ಒರೆಸಿದೆ. ಮಸಿ ಹತ್ತಲಿಲ್ಲ.
ಮರವೇ ಆಗಿಬಿಟ್ಟಿದೆ.

ಗಿಲಾವು ಕೆರೆದರೆ ಒಳಗೆ ಹೇಝಲ್ ಕಡ್ಡಿಯ ತಡಿಕೆ,
ಮೆತ್ತಿದ ಮಣ್ಣು, ಹುಲ್ಲಿನ ಚೂರು, ಸಗಣಿ.
ಯಾವ ಹಸುವಿನದೋ, ಯಾವ ದೊರೆಯ ಕಾಲದ್ದೋ,
ನೀರು ತಾಗಿದ್ದೇ ತಡ, ವಾಸನೆ ಎದ್ದಿತು,
ಈಗಷ್ಟೇ ಬಳಿದ ಹಾಗೆ.

ಆಮೇಲೆ ಕೀಲು ಬಿಚ್ಚಿದೆ.
ಮರಗಳನ್ನು ಅಂಗಳದಲ್ಲಿ ಮಲಗಿಸಿ ಜೋಡಿಸಿ,
ಉಳಿಯಲ್ಲಿ ಅಂಕೆ ಕೊರೆದು, ಬಿಚ್ಚಿ, ಗಾಡಿಗೆ ಹೇರಿ,
ಇಲ್ಲಿ ತಂದು ಎಬ್ಬಿಸಿ ನಿಲ್ಲಿಸಿದ ಮನೆ ಇದು.
ಪ್ರತಿ ಅಂಕೆಗೂ ಒಂದೇ ಜೊತೆ.
ಕಂಬದ ಮೇಲೆ ಒಂದು ಕವಲು, ಎರಡು ಗೀರು: ಏಳು.
ಓರೆಗಂಬದ ಮೇಲೆ
ಒಂದು ಕವಲು, ಮೂರು ಗೀರು.

ಅವತ್ತು ಮಳೆ ಬಂತೋ, ಹೊತ್ತು ಮುಳುಗಿತ್ತೋ,
ಹೊಸ ಹುಡುಗನಿಗೆ ಲೆಕ್ಕ ಬರುತ್ತಿರಲಿಲ್ಲವೋ,
ಬಡಿದು ಕೂರಿಸಿದ್ದಾರೆ, ಬೆಣೆ ಹೊಡೆದು.
ಒಂದು ಬೆರಳಿನಷ್ಟು ಸುಳ್ಳು.
ಹಸಿ ಓಕ್ ಮರ ಒಣಗುತ್ತಾ ಒಣಗುತ್ತಾ
ಅದನ್ನೇ ನಂಬಿತು.

ನನ್ನ ಹತ್ತಿರ ಅಳತೆಪಟ್ಟಿ ಇತ್ತು, ಪೆನ್ಸಿಲು ಇತ್ತು,
ಸರಿ ಮಾಡುವಷ್ಟು ಮರವೂ ಇತ್ತು.
ಕೆಲಸ ಕಲಿಸಿದ ಜೊಸೆಲಿನ್ ಪೆಕ್ ಇದ್ದಿದ್ದರೆ
ಆರಿದ ಪೈಪು ಕಚ್ಚಿಕೊಂಡು
ಕಿಟಕಿಯಾಚೆ ನೋಡುತ್ತಿದ್ದ.
ಸೊಟ್ಟನ್ನೇ ಅಳೆದೆ, ಸೊಟ್ಟಕ್ಕೇ ಕೊಯ್ದೆ.
ಕೊನೆಗೆ ಉಳಿ ಹಿಡಿದು, ಒಂದು ಕವಲು,
ಒಂದು ಗೀರು, ಇನ್ನೊಂದು,
ಕೈ ತಡೆಯಿತು.
ಮೂರನೆಯದನ್ನೂ ಹಾಕಿದೆ.

ಗೂಟ ಹೊಡೆದಾಗ ಮನೆ ಒಮ್ಮೆ ಗೊಣಗಿತು,
ನಿದ್ದೆಯಲ್ಲಿ ಮಗ್ಗುಲು ಬದಲಿಸಿದ ಹಾಗೆ.
‘ಗೋಲಿ ಬಿಡ್ತೀನಿ, ಕೇಳು!’ ಕೆಳಗಿಂದ ಏವಿಸ್.
ತೊಲೆಗೆ ಕಿವಿ ಇಟ್ಟೆ:
ಅಡುಗೆಮನೆಯ ಇಟ್ಟಿಗೆ, ಹೊಸ್ತಿಲಿನ ಸವೆತ,
ಆಮೇಲೆ ಕಲ್ಲು, ಕಲ್ಲು, ಕಲ್ಲು.