ಎಳಿಯೋ ಕಡೆ

ಸೋಲಾಪುರ ರಸ್ತೆಯ ಹೋಟೆಲಿನ ಹಿಂದ
ಈಜುಕೊಳ ಬೆಳಿಗ್ಗೆ ಆರಕ್ಕ ಕೆಮ್ಮತಿತ್ತು.
ನೀರು ಬಂದು ಬೀಳೋ ನಾಕೂ ಬಾಯಾಗ
ಸೋಡಾ ಬಾಟಲಿ ಒಡದಂಗ ಗುಳ್ಳಿ.
"ಚಂದ ಕಾಣತಾವ, ಹುಡುಗರಿಗೂ ಖುಷಿ," ಅಂದ
ಮ್ಯಾನೇಜರ್ ಬಸಲಿಂಗಪ್ಪ ಹಳ್ಳೂರ,
"ಆದ್ರ ಮೋಟರ್ ಯಾಕೋ
ರಾತ್ರಿಯೆಲ್ಲಾ ಹಲ್ಲು ಕಡೀತೈತಿ ನೋಡ್ರಿ."

ಚೀಲ ಇಳಿಸಿ, ಮಂಡಿ ಊರಿ
ಪಂಪಿನ ಮ್ಯಾಲಿನ ಗಾಜಿನ ಮುಚ್ಚಳದಾಗ ಇಣುಕಿದೆ.
ಅರ್ಧ ಬುಟ್ಟಿ ನೀರು, ಅರ್ಧ ಬುಟ್ಟಿ ಬಯಲು.
ನಡುವ ಒಂದು ಬೇವಿನ ಎಲಿ
ಮುಳುಗಾಕೂ ಬರದ, ತೇಲಾಕೂ ಬರದ
ಸುತ್ತಾಕತ್ತಿತ್ತು.

ಒತ್ತೋ ಕಡೆ ಪೈಪು ಸೀಳಿದ್ರ
ನೀರು ಚಿಮ್ಮಿ ತಾನ ಕೂಗಿ ಹೇಳತೈತಿ.
ಎಳಿಯೋ ಕಡೆ ಸೀಳಿದ್ರ ಒಂದು ಹನಿ ಕಾಣೂದಿಲ್ಲ,
ಹೊರಗಿನ ಗಾಳಿ ಸದ್ದಿಲ್ಲದ ಒಳಗ ಹೊಕ್ಕೊಂತೈತಿ.
ಒಣಗಿದ ಪೈಪ ಸವರಿ
ಎಲ್ಲಾ ಪಾಡ ಐತಿ ಅಂತಾರ ಮಂದಿ.

ದಸ್ತಗೀರ್ ಉಸ್ತಾದರು ಒಮ್ಮೆ ಸೈಕಲ್ ನಿಲ್ಲಿಸಿ
ಹಳೇ ಗಂಜ್ ಗೋಪುರ ತೋರಿಸಿದ್ರು:
"ಬಾದಶಹರಿಗೆ ಕಲ್ಲು ಹೆಚ್ಚಾಗಿ ಕಟ್ಟಿಸಿದ್ರು ಅಂತ ತಿಳದಿಯೇನ?
ಮಣ್ಣಿನ ನಳಿಗೀಗೂ ಉಸಿರು ಬಿಡಾಕ ಜಾಗಾ ಬೇಕಲೇ.
ಗಾಳಿಗೆ ದಾರಿ ನಾವ ಕೊಡಬೇಕು.
ಅದ ಹುಡಿಕ್ಕೊಂಡ್ರ ಮುಗೀತು."

ನೀರಿನ ಮಟ್ಟ ನೋಡಿದೆ, ನೀಲಿ ಟೈಲ್ಸಿನ ನಡುವಿಗೆ ಇತ್ತು.
ಮುಚ್ಚಳ ಬಿಚ್ಚಿ ರಬ್ಬರಿನ ಬಳಿ ತಗದು
ಬೆರಳಾಗ ತೀಡಿದೆ, ಒಂದು ಉದ್ದನ್ನ ಕೂದಲು.
ಒರಸಿ, ಗ್ರೀಸ್ ಸವರಿ, ಕೂಡಿಸಿದೆ.
ಗುಳ್ಳಿ ಹಂಗ.
ತಳದ ಬೂಚು ಒಂದು ಸುತ್ತು ಬಿಗಿ ಮಾಡಿದೆ.
ಗುಳ್ಳಿ ಹಂಗ.
ವಾಲ್ವಿನ ಕುತ್ತಿಗೀಗೆ ಸಾಬೂನಿನ ನೊರಿ ಹಚ್ಚಿದೆ,
ನೊರಿ ಆರಾಮ ಕುಂತಿತ್ತು, ಪಾಟೀಲರ ಅಳಿಯನಂಗ.

ಕಡೀಕ ರಿಸೆಪ್ಷನ್ನಿನ ಗಣಪತಿ ಮುಂದಿನ
ಊದಿನಕಡ್ಡಿ ಒಂದು ಕಡಾ ತಂದೆ.
ಫ್ಯಾನ್ ಬಂದ್.
ಜೋಡಣಿ ಜೋಡಣಿಗೆ ಹಿಡಕೊಂತ ಹ್ವಾದೆ,
ಹೊಗಿ ನೆಟ್ಟಗ ಏಳತಿತ್ತು, ನೆಟ್ಟಗ, ನೆಟ್ಟಗ,
ಪಂಪಿನ ಬಾಯಿಗೆ ಒಂದು ಗೇಣು ಇರೂಮುಂದ
ಗಕ್ಕನ ಅಡ್ಡ ತಿರುಗಿ
ಚೂಡಿಯ ಸಂದ್ಯಾಗ ಇಳೀತು,
ಕರದಂಗ.

ಮೋಟರ್ ನಿಲ್ಲಿಸಿದೆ. ಹತ್ತು ಎಣಿಸೂದ್ರಾಗ
ಅದ ಸಂದಿಯಿಂದ ಒಂದು ಹನಿ ಹೊರಗ ಬಂತು,
ಈಗ ಒಪ್ಪಿಕೊಂಡಂಗ.

ಬಿಚ್ಚಿದೆ. ಒಳಗ ಬಿಳೀ ಟೇಪು
ಮುದ್ದಿ ಆಗಿ, ಎಳಿ ಎಳಿ ಹರದು,
ಉಲ್ಟಾ ಸುತ್ತಿತ್ತು.

"ಚೂಡಿಯ ಜೋಡಿ ಹೋಗೋ ಎಡಚ, ಎದುರಾಗಿ ಅಲ್ಲ,"
ಉಸ್ತಾದರು ಪಾನಾದಲೆ ಗೆಣ್ಣಿನ ಮ್ಯಾಲೆ ಬಡೀತಿದ್ರು.
ಈ ಊರಾಗ ಹಿಂಗ ಸುತ್ತವ ನಾನೊಬ್ಬನ.
ಮೂರು ವರ್ಷದ ಹಿಂದ, ಇದ ಪಂಪು,
ಇಂಡಿ ರಸ್ತೆದಾಗ ಇನ್ನೊಂದು ಬೋರ್ ಕಾಯ್ತಿತ್ತು,
ನೂರು ರೂಪಾಯಿ ಹೆಚ್ಚಿಗಿ ಕೊಡತೀನಿ ಅಂದಿದ್ರು.
ಲಗೂ ಸುತ್ತಿ, ಲಗೂ ಬಿಗದು, ಬಂದಿದ್ದೆ.

"ಯಾವ ಪುಣ್ಯಾತ್ಮ ಮಾಡಿದ್ದರಿ ಇದನ್ನ?"
ಬಸಲಿಂಗಪ್ಪ ಬಗ್ಗಿ ಕೇಳಿದ.
"ಯಾರೋ ಎಡಗೈಯವ," ಅಂದೆ,
ಪಾನಾ ಬಲಗೈಗೆ ಬದಲಿ ಮಾಡಕೊಂತ.

ಹೊಸಾ ಟೇಪು, ಚೂಡಿಯ ಜೋಡಿ, ಹನ್ನೆರಡು ಸುತ್ತು,
ನಾನ ಎಣಿಸಿದೆ.
ಮೋಟರ್ ಎರಡು ಸಲ ನುಂಗಿ ಸುಮ್ಮನಾತು.
ಗಾಜಿನಾಗ ನೀರು ಮ್ಯಾಲಿನ ತನಕ ಏರಿ
ಬೇವಿನ ಎಲಿ ಹೋಗಿ ಬುಟ್ಟಿಯ ತಳಕ್ಕ ಮಲಗಿತು.
ಅಂಚಿನ್ಯಾಗ ಕಾಲು ಇಳಿಬಿಟ್ಟ ಪೋರಿ ಒಬ್ಬಾಕಿ
"ಗುಳ್ಳಿ ಎಲ್ಲಿ ಹ್ವಾದ್ವು?" ಅಂತ ನನ್ನ ಮ್ಯಾಲೆ ಸಿಟ್ಟಾದಳು.

ಬಿಲ್ಲು ಬರಿಯಾಕ ಕುಂತೆ.
ಪಾನಾ ಬಲಗೈಲೆ ಹಿಡೀಬಹುದು,
ಅಕ್ಷರ ಬರೂದಿಲ್ಲ.
ಎಡಗೈಲೆ ಬರದೆ: ಟೇಪು, ಇಪ್ಪತ್ತೈದು.
ಮಜೂರಿಯ ಜಾಗಾದಾಗ ಗೀಟು ಎಳದೆ.
ಬಸಲಿಂಗಪ್ಪ ಕಾಗದ ನೋಡಿದ, ಕೈ ನೋಡಿದ,
ಮತ್ತ ಕಾಗದ ನೋಡಿದ.
"ಇರ್ರಿ, ಚಾ ಕುಡದು ಹೋಗೀರಂತ."

ಚಾ ಬಂತು. ಮ್ಯಾಲೆ ಒಂದ ಒಂದು ಗುಳ್ಳಿ.
ಒಡೀಲಿ ಅಂತ ಕಾಯ್ದೆ.