ಗುಂಡಿಗೊಂದು ಗುಡ್ಡ

ಪಾವಗಡ ಸ್ಟೇಷನ್ನಿನ ರೈಟರು ಪ್ರತಿ ಸಲವೂ ಕೇಳುತ್ತಾರೆ:
"ಇದನ್ನ ಹೊಡೆಯೋದು ನೀವೇನಾ, ಮೇಡಂ?"
ಪಂಚಾಯ್ತಿ ಎಲೆಕ್ಷನ್ನೋ, ಎಂಪಿ ಎಲೆಕ್ಷನ್ನೋ,
ಯಾರು ಗೆದ್ದರೂ ಮೊದಲು ಒಳಗೆ ಹೋಗುವುದು ನನ್ನ ಕೋವಿ.
ಹಳೇ ಪಂಚೆಯಲ್ಲಿ ಸುತ್ತಿ ಆಟೋದಲ್ಲಿ ತರುತ್ತೇನೆ.
ಹೊರಗೆ ಚಾಚಿದ ನಳಿಗೆಗೆ ಡ್ರೈವರು
ಕಂಬಿಗೆ ಕಟ್ಟುವ ಹಾಗೆ ಕೆಂಪು ಬಟ್ಟೆ ಕಟ್ಟುತ್ತಾನೆ.

ರಸೀದಿ: ಮುನ್ನೂರು ಮ್ಯಾಗ್ನಮ್ ರೈಫಲ್ ಒಂದು, ತೋಟಾ ಐದು.
ಕಾರಣ: ಬೆಳೆ ರಕ್ಷಣೆ.

ಶೇಂಗಾ ಕೆದಕುವ ಹಂದಿ ಇರುವುದು ಮೂವತ್ತು ಮಾರು ದೂರ.
ಈ ಗುಂಡು ಹಂದಿ ದಾಟಿ, ಬದು ದಾಟಿ,
ಗಡಿಕಲ್ಲು ದಾಟಿ, ಮಡಕಶಿರಾದ ಕಡೆ
ಯಾರ ಗೋಡೆ ಹುಡುಕುತ್ತದೋ!
ಹಂದಿಗೆ ತಗಡು ಬಡಿದರೆ ಸಾಕು. ನಾವೂ ಅದನ್ನೇ ಬಡಿಯುವುದು.

ಚಾಂಪಿಯನ್ ರೀಫಿನ ಗಣಿ ಸಾಹೇಬನೊಬ್ಬ ಹಡಗು ಹತ್ತುವಾಗ
ಎರಡು ಜೊತೆ ಎತ್ತಿನ ಬೆಲೆಗೆ ಕೊಟ್ಟದ್ದಂತೆ.
ಅಪ್ಪ, ಓಬಳಪತಿ ನಾಯಕ, ಕೊಂಡು ತಂದ.
ಎತ್ತಿಲ್ಲದೆ ಆ ವರ್ಷ ಹೊಲ ಬೀಳು ಬಿತ್ತು,
ಅಮ್ಮ ಕೋವಿಯ ಕಡೆ ಮುಖ ಹಾಕಿ ಮಲಗಲಿಲ್ಲ.
ಹುಲ್ಲೆ ಹೊಡೆದಿದ್ದೆಯಾ ಎಂದು ಕೇಳಿದರೆ
ಬಾಯಲ್ಲಿ ಎಲೆಅಡಿಕೆ ಇದೆ ಎಂದು ಸನ್ನೆ ಮಾಡುತ್ತಿದ್ದ.

ನನಗೆ ಕಲಿಸಿದ್ದು ಎಮ್ಮೆಬಂಡೆಯ ಎದುರು.
ನಾನೂರ ಇಪ್ಪತ್ತು ಗಜ, ಹಗ್ಗ ಹಿಡಿದು ಅಳೆದದ್ದು.
ಬಂಡೆಯ ಮೇಲೆ ರೊಟ್ಟಿಯಗಲ ಸುಣ್ಣ.
ಮರಳು ತುಂಬಿದ ಗೋಣಿಯ ಮೇಲೆ ನಳಿಗೆ, ನೆಲದ ಮೇಲೆ ನಾನು.
"ಗಾಳೀನ ಹುಲ್ಲಲ್ಲಿ ಓದು. ಉಸಿರು ಅರ್ಧ ಬಿಡು,
ಉಳಿದರ್ಧ ಕೈಸಾಲ ಅಂದ್ಕೋ."
ದುರ್ಬೀನಿನೊಳಗೆ ಬಂಡೆ ಈಜುತ್ತಿತ್ತು.
ದೂರದಲ್ಲೊಂದು ಬಿಸಿಲ್ಗುದುರೆ, ಬೆರಳಿನಡಿ ಇನ್ನೊಂದು ಕುದುರೆ,
ಎರಡೂ ನಿಂತ ಗಳಿಗೆಯಲ್ಲಿ ಮೆಲ್ಲಗೆ ಒತ್ತಬೇಕು.

ಒತ್ತಿದೆ.
ಹೆಗಲಿಗೆ ಹೋರಿ ಗುದ್ದಿತು.
ಕಿವಿ ಮುಚ್ಚಿತು.
ಬಂಡೆಯ ಮೇಲೆ ಬಿಳಿ ದೂಳು ಎದ್ದು ಅರಳಿ
ಎಷ್ಟೋ ಹೊತ್ತಾಯಿತು ಅನ್ನಿಸಿದ ಮೇಲೆ
ಅಲ್ಲಿಂದ ಬಂತು, ತಡವಾಗಿ ಬಂದ ನೆಂಟನ ಹಾಗೆ, ಟಪ್.
ರಾತ್ರಿ ಹೆಗಲು ನೇರಳೆ ಹಣ್ಣಿನ ಬಣ್ಣ.
ಉಪ್ಪಿನ ಶಾಖ ಕೊಡುತ್ತಾ ಅಮ್ಮ:
"ಹೊರೋಕೆ ಬಿಂದಿಗೆ ಸಾಲದಾಗಿತ್ತಾ ನಿಂಗೆ?"

ಅಪ್ಪನದು ಒಂದೇ ಹಟ.
ಗುರಿ ನೋಡೋ ಮುಂಚೆ ಗುರಿಯ ಹಿಂದೆ ನೋಡು.
ಗುಂಡಿಗೊಂದು ಗುಡ್ಡ ಬೇಕು.
ಗುಡ್ಡ ಇಲ್ಲದ ಗುಂಡು ಯಾರದೋ ಮನೆ ಸೇರುತ್ತೆ.

ಅಣ್ಣಂದಿರು ಬೇಡ ಅಂದರು. ಲೈಸೆನ್ಸು ನನ್ನ ಹೆಸರಿಗೆ ಬಂತು.
ಆಮೇಲೆ ಎಮ್ಮೆಬಂಡೆಗೆ ತಂತಿ ಗರಗಸ ಬಂತು.
ಮೊದಲು ಕೊಂಬು ಹೋಯಿತು, ಆಮೇಲೆ ಬೆನ್ನು,
ಸುಣ್ಣ ಬಳಿದ ಮೈ ಲಾರಿ ಹತ್ತಿತು
ಅಪ್ಪನವು, ನನ್ನವು, ಅಷ್ಟೂ ಗುಂಡಿನ ಕಚ್ಚುಗಳ ಸಮೇತ.
ಹಿಂದೂಪುರದ ಯಾವುದೋ ಬ್ಯಾಂಕಿನ ಮೆಟ್ಟಿಲಲ್ಲಿ
ಯಾರದೋ ಹೆಬ್ಬೆರಳು ಎಡವುತ್ತಿರಬಹುದು.

ಹೋದ ತಿಂಗಳು ಎಣ್ಣೆ ಹಾಕಿ ಒರೆಸಿ
ಅದೇ ಜಾಗದಲ್ಲಿ ಗೋಣಿ ಹಾಕಿ ಮಲಗಿದೆ.
ಬಂಡೆಯ ಜಾಗದಲ್ಲಿ ಹಸಿರು ನೀರಿನ ಹಳ್ಳ.
ಅದರಾಚೆ ತಿರುಮಣಿಯವರೆಗೂ ಸೋಲಾರ್ ಹಲಗೆ,
ಬಿತ್ತದೆ ಬೆಳೆದ ಕರೀ ಗಾಜಿನ ಹೊಲ.
ದುರ್ಬೀನಿಗೆ ಕಣ್ಣಿಟ್ಟರೆ ಒಬ್ಬಳು ಹೆಂಗಸು,
ಬಕೆಟ್ಟು, ಉದ್ದ ಕೋಲಿನ ಒರಸುಬಟ್ಟೆ,
ಸೆರಗಿನಿಂದ ಬೆವರೊರೆಸಿಕೊಳ್ಳುವ ಹಣೆ,
ಅದರ ನಟ್ಟನಡುವೆ ನನ್ನ ಕೂಡುಗೆರೆ.

ಕಣ್ಣು ತೆಗೆದೆ. ಕೋವಿ ಖಾಲಿಯೇ ಇತ್ತು,
ಆದರೂ ಬೋಲ್ಟು ಎಳೆದು ಕಿರುಬೆರಳು ತೂರಿಸಿ ನೋಡಿದೆ.
ಎರಡು ಸಲ.
ದುರ್ಬೀನಿನ ತಿರುಪು ಮಾತ್ರ ಇನ್ನೂ ನಾನೂರ ಇಪ್ಪತ್ತಕ್ಕೇ ಇದೆ.
ತಿರುಗಿಸಲಿಲ್ಲ.

ಇವತ್ತು ರೈಟರು ಮೇಜಿನ ಮೇಲೆ ತೋಟಾ ನಿಲ್ಲಿಸಿ ಎಣಿಸಿದರು.
"ಐದು. ಹೋದ ಸಲವೂ ಐದೇ ಅಲ್ವಾ, ಮೇಡಂ?"
ಹೌದು ಸಾರ್, ಐದೇ.
ಗುಡ್ಡ ಒಂದು ಕಮ್ಮಿ ಇದೆ, ಅಂದೆ.
ಪೆನ್ನು ನಿಲ್ಲಿಸಿ ಪುಸ್ತಕದ ಕಾಲಂಗಳನ್ನೆಲ್ಲ ಒಮ್ಮೆ ನೋಡಿ
"ಇಲ್ಲಿ ಸೈನ್ ಮಾಡಿ" ಅಂದರು.
ಮಾಡಿದೆ.